ನಮಗೆ ಮರಳಿ ಬರುತ್ತಿರುವುದು ಯಾರ ಬಾಲ್ಯ?

2025ರ ಮಾರ್ಚ್ 14ರಂದು ‘ಅಪ್ಪು’ ಮತ್ತೆ ತೆರೆಗೆ ಬಂತು. ಅದು ಮೊದಲು ಬಂದಿದ್ದು 2002ರಲ್ಲಿ. ಪುನೀತ್ ರಾಜ್‌ಕುಮಾರ್ ಬದುಕಿದ್ದಿದ್ದರೆ ಆ ತಿಂಗಳು ಅವರಿಗೆ 50 ತುಂಬುತ್ತಿತ್ತು. ಹಿಂದಿನ ವರ್ಷ ಅವರದೇ ‘ಜಾಕಿ’ ಹೀಗೆ ಬಂದಿತ್ತು, ಉಪೇಂದ್ರ ಅವರ ‘ಎ’ ಕೂಡ ಬಂದಿತ್ತು. ತೆಲುಗಿನಲ್ಲಿ ಇದು ಇನ್ನೂ ಮೊದಲೇ ಶುರುವಾಗಿತ್ತು. 2022ರ ಆಗಸ್ಟ್‌ನಲ್ಲಿ ಮಹೇಶ್ ಬಾಬು ಹುಟ್ಟುಹಬ್ಬಕ್ಕೆ ‘ಪೋಕಿರಿ’ ಮತ್ತೆ ತೆರೆ ಕಂಡಿದ್ದೇ ತಡ, ಹೀರೋಗಳ ಹುಟ್ಟುಹಬ್ಬ ಬಂತೆಂದರೆ ಒಂದು ಹಳೆ ಸಿನಿಮಾ ಬರುವುದು ರೂಢಿಯೇ ಆಯಿತು.

ಆಂಧ್ರದ ಗಡಿ ಕಡೆಯ ಚಿಂತಾಮಣಿ, ಶಿಡ್ಲಘಟ್ಟ, ಬಾಗೇಪಲ್ಲಿಯಲ್ಲಿ ಬೆಳೆದ ನಮ್ಮಂಥವರಿಗೆ ಈ ಎರಡೂ ಸಂಭ್ರಮ ನಮ್ಮದೇ. ಪುನೀತ್ ಎಷ್ಟು ನಮ್ಮವರೋ ಚಿರಂಜೀವಿಯೂ ಅಷ್ಟೇ ನಮ್ಮವರಾಗಿದ್ದ ಸೀಮೆ ಇದು. ಆದರೆ ಫೋನು ತೆರೆದು ನೋಡಿ. ‘ನೀವು ತೊಂಬತ್ತರ ದಶಕದ ಮಕ್ಕಳಾ? ಹಾಗಾದರೆ ಇದು ನೆನಪಿರಲೇಬೇಕು’ ಎಂದು ಬರುವ ರೀಲ್ಸ್‌ಗಳಲ್ಲಿ ಯಾರ ಬಾಲ್ಯ ಇದೆ? ಹಿಂದಿ ಧಾರಾವಾಹಿಯ ಶೀರ್ಷಿಕೆ ಗೀತೆ, ಮುಂಬೈಯ ಜಾಹೀರಾತು, ಬೆಂಗಳೂರಿನ ಕೆಂಪೇಗೌಡ ರಸ್ತೆಯ ಟಾಕೀಸು, ಕಾನ್ವೆಂಟ್ ಶಾಲೆಯ ಟಿಫನ್ ಬಾಕ್ಸು. ಒಂದಷ್ಟು ನಮಗೂ ಹೊಂದುತ್ತದೆ, ಸುಳ್ಳಲ್ಲ. ಉಳಿದದ್ದನ್ನು ನಾವು ಸುಮ್ನೆ ಒಪ್ಪಿಕೊಂಡುಬಿಡುತ್ತೇವೆ. ನಮ್ಮದೂ ಹೀಗೇ ಇತ್ತೇನೋ ಎಂದು ನಿಧಾನಕ್ಕೆ ನಂಬಲು ಶುರುಮಾಡುತ್ತೇವೆ.

ನನಗೆ ಕಾಳಜಿ ಇರುವುದು ಇದರ ಬಗ್ಗೆಯೇ. ಹಳೆಯದನ್ನು ನೆನೆಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನೆನಪು ಈಗ ದೊಡ್ಡ ವ್ಯಾಪಾರ. ವ್ಯಾಪಾರಕ್ಕೆ ಸಿಗುವ ಸರಕು ಯಾವುದೋ ಅದೇ ಎಲ್ಲರ ಬಾಲ್ಯ ಎನಿಸಿಕೊಳ್ಳುತ್ತಿದೆ. ಸಣ್ಣ ಊರುಗಳ ಬಾಲ್ಯ, ಅದರಲ್ಲೂ ಗಡಿ ಊರುಗಳ ಎರಡು ಮಾತಿನ ಬಾಲ್ಯ ಎಲ್ಲೂ ದಾಖಲಾಗದೆ ಕರಗುತ್ತಿದೆ.

ಮೊದಲು ಈ ಹಂಬಲ ಯಾಕೆ ಬರುತ್ತದೆ ಅಂತ ನೋಡೋಣ.

1688ರಲ್ಲಿ ಯೋಹಾನೆಸ್ ಹೋಫರ್ ಎಂಬಾತ ಇದನ್ನು ಕಾಯಿಲೆ ಎಂದು ಬರೆದ. ಸ್ವಿಟ್ಜರ್ಲೆಂಡಿನಿಂದ ದೂರ ಹೋಗಿ ಬದುಕುತ್ತಿದ್ದವರು ಊರಿನ ನೆನಪಲ್ಲಿ ಊಟ, ನಿದ್ದೆ ಬಿಟ್ಟು ಸೊರಗುವುದನ್ನು ಕಂಡು ವೈದ್ಯಶಾಸ್ತ್ರದ ಪ್ರಬಂಧವನ್ನೇ ಬರೆದ. ಆಮೇಲೆ ಬಹಳ ಕಾಲ ಇದನ್ನು ಮನಸ್ಸಿನ ದೌರ್ಬಲ್ಯ ಎಂದೇ ನೋಡಲಾಯಿತು. ಈ ನೋಟ ಬದಲಾಗಿದ್ದು ಇತ್ತೀಚೆಗೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವಿಲ್ಡ್‌ಶುಟ್, ಕಾನ್‌ಸ್ಟಂಟೈನ್ ಸೆಡಿಕಿಡಿಸ್ ಮತ್ತು ಅವರ ಜೊತೆಗಾರರು 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನಸ್ಸು ಕುಗ್ಗಿದಾಗ, ಒಂಟಿ ಅನಿಸಿದಾಗ ಜನ ಹಳೆಯದನ್ನು ಜಾಸ್ತಿ ನೆನೆಯುತ್ತಾರೆ. ನೆನೆದ ಮೇಲೆ ‘ನನಗೂ ನನ್ನವರಿದ್ದಾರೆ’ ಎಂಬ ಭಾವ ಗಟ್ಟಿಯಾಗುತ್ತದೆ. ಅಂದರೆ ಇದು ಕಾಯಿಲೆಯಲ್ಲ, ಮನಸ್ಸು ತನಗೆ ತಾನೇ ಮಾಡಿಕೊಳ್ಳುವ ಉಪಚಾರ.

ಆ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ ಸಂಗತಿ ಇನ್ನೊಂದಿದೆ. ಜನ ಬರೆದುಕೊಟ್ಟ ನೆನಪುಗಳಲ್ಲಿ ಹೆಚ್ಚಿನವು ಬರೀ ವಸ್ತುವಿನ ನೆನಪಾಗಿರಲಿಲ್ಲ. ಅವುಗಳಲ್ಲಿ ಬೇರೆ ಜನ ಇದ್ದರು. ಅಪ್ಪ, ಅಮ್ಮ, ಗೆಳೆಯರು, ನೆಂಟರು. ನೆನಪಿಸಿಕೊಳ್ಳುವವರು ಆ ಕಥೆಯ ನಡುವೆ ಇದ್ದರೂ ಒಬ್ಬರೇ ಇರುತ್ತಿರಲಿಲ್ಲ.

ವಯಸ್ಸಿನ ಲೆಕ್ಕವೂ ಒಂದಿದೆ. ಐವತ್ತು ದಾಟಿದವರಿಗೆ ಬದುಕಿನ ನೆನಪುಗಳನ್ನು ಹೇಳಿ ಎಂದರೆ, ಸುಮಾರು 10ರಿಂದ 30ನೇ ವಯಸ್ಸಿನ ನಡುವಿನವೇ ಜಾಸ್ತಿ ಬರುತ್ತವೆ. ಮನಶ್ಶಾಸ್ತ್ರಜ್ಞ ಡೇವಿಡ್ ರೂಬಿನ್ ಮತ್ತು ಜೊತೆಗಾರರು 1986ರಲ್ಲಿ ಇದನ್ನು ತೋರಿಸಿದರು. ಕಾರಣ ಊಹಿಸುವುದು ಕಷ್ಟವಲ್ಲ. ಮೊದಲ ಸೈಕಲ್ಲು, ಮೊದಲ ಸಿನಿಮಾ, ಮೊದಲ ಪ್ರೀತಿ, ಮೊದಲ ಸಂಬಳ ಎಲ್ಲ ಆ ವಯಸ್ಸಿನಲ್ಲೇ ಬರುತ್ತವೆ. ನಾನು ಯಾರು ಎಂಬುದು ರೂಪುಗೊಳ್ಳುವ ಕಾಲವೂ ಅದೇ. ಆಗ ಕಿವಿಗೆ ಬಿದ್ದ ಹಾಡು ಚೆನ್ನಾಗಿತ್ತೋ ಇಲ್ಲವೋ, ಗಟ್ಟಿಯಾಗಿ ಕೂತುಬಿಡುತ್ತದೆ.

ಇನ್ನೂ ಕುತೂಹಲದ ವಿಷಯವನ್ನು ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಜುಪ್ನಿಕ್ 2013ರಲ್ಲಿ ಕಂಡುಕೊಂಡರು. ಇಪ್ಪತ್ತರ ಆಸುಪಾಸಿನ ಯುವಜನರಿಗೆ ಹಲವು ದಶಕಗಳ ಹಾಡು ಕೇಳಿಸಿದರು. ತಮ್ಮ ಕಾಲದ ಹಾಡುಗಳ ಜೊತೆಗೆ, ತಮ್ಮ ಅಪ್ಪ ಅಮ್ಮ ಹರೆಯದಲ್ಲಿದ್ದಾಗ ಬಂದ ಹಾಡುಗಳೂ ಅವರ ಮನಸ್ಸಿಗೆ ಹತ್ತಿರವಾಗಿದ್ದವು. ತಾವು ಹುಟ್ಟುವ ಮೊದಲಿನ ಹಾಡುಗಳವು! ಮನೆಯಲ್ಲಿ ಕೇಳಿ ಕೇಳಿ ಬಂದ ನಂಟು. 2005ರಲ್ಲಿ ಹುಟ್ಟಿದ ಹುಡುಗಿಗೆ ಡಾ. ರಾಜ್‌ಕುಮಾರ್ ದನಿ ಕೇಳಿದರೆ ಕಣ್ಣು ತುಂಬಿಕೊಳ್ಳುವುದು ಯಾಕೆ ಅಂತ ಇದರಿಂದ ಅರ್ಥವಾಗುತ್ತದೆ. ಅವಳು ನೆನೆಯುತ್ತಿರುವುದು ಆ ಸಿನಿಮಾವನ್ನಲ್ಲ. ಆ ಹಾಡು ಹಾಕಿಕೊಂಡು ಕೆಲಸ ಮಾಡುತ್ತಿದ್ದ ಅಪ್ಪನನ್ನು.

ವ್ಯಾಪಾರದ ಲೆಕ್ಕ ಇದಕ್ಕಿಂತ ಸರಳ. 1980ರ ದಶಕದಲ್ಲಿ ಹುಟ್ಟಿದವರು ಈಗ ನಲವತ್ತರ ಆಚೀಚೆ ಇದ್ದಾರೆ. ಕೈಯಲ್ಲಿ ದುಡ್ಡು ಓಡಾಡುತ್ತದೆ. ಜಾಹೀರಾತು ಬರೆಯುವವರು, ಸಿನಿಮಾ ಮಾಡುವವರು, ಚಾನೆಲ್ ನಡೆಸುವವರಲ್ಲಿ ಈ ವಯಸ್ಸಿನವರು ತುಂಬಾ ಜನ. ಹಳೆ ಸಿನಿಮಾ ಮತ್ತೆ ಬಿಟ್ಟರೆ ಶೂಟಿಂಗ್ ಖರ್ಚಿಲ್ಲ, ಪ್ರಚಾರದ ತಲೆನೋವಿಲ್ಲ, ಜನಕ್ಕೆ ಇಷ್ಟವಾಗುತ್ತದೋ ಇಲ್ಲವೋ ಎಂಬ ಭಯವಿಲ್ಲ. ದೊಡ್ಡ ಹೊಸ ಸಿನಿಮಾಗಳಿಲ್ಲದೆ ಚಿತ್ರಮಂದಿರ ಖಾಲಿ ಹೊಡೆಯುವ ವಾರಗಳಲ್ಲಿ ಅದೇ ಆಸರೆ. ಬೇಡಿಕೆ ನಿಜವಾದದ್ದೇ. ಆದರೆ ಪೂರೈಕೆಗೆ ಒಂದು ಜರಡಿ ಇದೆ. ಹಕ್ಕು ಯಾರ ಬಳಿ ಇದೆ ಎಂದು ಗೊತ್ತಿರಬೇಕು, ಒಳ್ಳೆಯ ಪ್ರಿಂಟ್ ಉಳಿದಿರಬೇಕು, ಲಕ್ಷಾಂತರ ಜನಕ್ಕೆ ಒಟ್ಟಿಗೆ ನೆನಪಿರಬೇಕು. ಈ ಮೂರರಲ್ಲಿ ಒಂದಿಲ್ಲದಿದ್ದರೂ ಆ ನೆನಪು ಮಾರುಕಟ್ಟೆಗೆ ಬರುವುದಿಲ್ಲ.

ನಮ್ಮ ಸೀಮೆಯ ಬಾಲ್ಯ ಈ ಜರಡಿಯಲ್ಲಿ ಬಹುಪಾಲು ಕೆಳಕ್ಕೇ ಬಿದ್ದುಹೋಗುತ್ತದೆ. ಅದು ಹೇಗಿತ್ತು ಎಂದು ಸ್ವಲ್ಪ ವಿವರವಾಗಿ ಹೇಳಬೇಕು.

2007ರವರೆಗೆ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯೇ ಆಗಿರಲಿಲ್ಲ, ಕೋಲಾರಕ್ಕೇ ಸೇರಿತ್ತು. ಒಂದು ಕಡೆ ಆಂಧ್ರದ ಗಡಿ, ಕೋಲಾರದ ಕಡೆ ಹೋದರೆ ತಮಿಳುನಾಡೂ ಹತ್ತಿರ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ. ಇಬ್ಬರು ಹುಡುಗರು ಜಗಳವನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದರು. ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಪದ ಕಟ್ಟಿದ ನೆಲ ಇದು. ಇಲ್ಲಿ ಎರಡು ಮಾತು ಅನ್ನುವುದು ತೊಡಕಲ್ಲ, ರೂಢಿ.

ಈ ಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗಳ ಮಕ್ಕಳ ಟಿವಿ ವೇಳೆ ಹುಳುವಿನ ಕೈಯಲ್ಲಿರುತ್ತಿತ್ತು. ಹುಳು ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಹಣ್ಣಾದ ಹುಳು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನವಂತೂ ಮನೆಮಂದಿಯೆಲ್ಲ ಬೇಕು. ಅವತ್ತು ಭಾನುವಾರ ಬಂದರೆ ಮುಗಿಯಿತು. ಬೀದಿಯ ಮಕ್ಕಳೆಲ್ಲ ಟಿವಿ ಮುಂದೆ, ಈ ಮನೆಯ ಮಕ್ಕಳು ಹುಳು ಮುಂದೆ. ಗೂಡು ಒಳ್ಳೆ ರೇಟಿಗೆ ಹೋದರೆ ಶಿಡ್ಲಘಟ್ಟ ಮಾರುಕಟ್ಟೆಯಿಂದ ಬರುವಾಗ ಅಪ್ಪ ಒಂದು ಕ್ಯಾಸೆಟ್ ತರುತ್ತಿದ್ದರು. ಗುರುರಾಜುಲು ನಾಯ್ಡು ಅವರ ಹರಿಕಥೆಯೋ, ಹೊಸ ಸಿನಿಮಾ ಹಾಡೋ. ಹುಳುಮನೆಯಲ್ಲಿ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಸೊಪ್ಪು ಹಾಕುವಾಗ ಕೇಳಿದ ಹಾಡಿನ ಜೊತೆಗೆ ಹುಳು ಸೊಪ್ಪು ಮೇಯುವ ಸರಸರ ಸದ್ದೂ ಸೇರಿಯೇ ನೆನಪಾಗುತ್ತದೆ. ಯಾವ ಆ್ಯಪ್‌ನಲ್ಲೂ ಆ ಎರಡು ಒಟ್ಟಿಗೆ ಸಿಗುವುದಿಲ್ಲ.

ಟೆಂಟ್ ಸಿನಿಮಾ ಇತ್ತು. ಸಂಜೆ ಮೈಕಿನಲ್ಲಿ ಘಂಟಸಾಲರ ದನಿಯ ಭಕ್ತಿಗೀತೆ ಕೇಳಿದರೆ ಇನ್ನೇನು ಆಟ ಶುರು ಎಂದರ್ಥ. ನೆಲ, ಬೆಂಚು, ಕುರ್ಚಿ ಎಂದು ಟಿಕೆಟ್. ಆಮೇಲೆ ಟಿವಿ ಮತ್ತು ಡೆಕ್ಕು (ವಿಡಿಯೋ ಕ್ಯಾಸೆಟ್ ಓಡಿಸುವ ಯಂತ್ರ) ಬಾಡಿಗೆಗೆ ತರುವ ಕಾಲ ಬಂತು. ಗಣೇಶ ಕೂರಿಸಿದಾಗ, ಊರ ದ್ಯಾವರು (ಊರಹಬ್ಬ) ಆದಾಗ, ಮದುವೆ ಮನೆಯಲ್ಲಿ. ರಾತ್ರಿಯೆಲ್ಲ ಒಂದರ ಹಿಂದೆ ಒಂದು ಸಿನಿಮಾ. ಮೊದಲು ದೊಡ್ಡವರಿಗಾಗಿ ರಾಜ್‌ಕುಮಾರ್ ಅವರದ್ದು, ಆಮೇಲೆ ಹುಡುಗರ ಹಟಕ್ಕೆ ಚಿರಂಜೀವಿಯದ್ದೋ ಬಾಲಕೃಷ್ಣ ಅವರದ್ದೋ. ಕರೆಂಟ್ ಹೋದರೆ ಕಾಯುವುದು. ಬೆಳಗಿನ ಜಾವಕ್ಕೆ ಅರ್ಧ ಊರು ಅಲ್ಲೇ ಚಾಪೆ ಮೇಲೆ ಮಲಗಿರುತ್ತಿತ್ತು.

ದೂರದರ್ಶನದ ಕಥೆ ಬೇರೆ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರ ನವೆಂಬರ್ 1ರಂದು. ಸಿನಿಮಾ ಹಾಡುಗಳ ‘ಚಿತ್ರಮಂಜರಿ’ ಬರುವ ಸಂಜೆ ಬೀದಿ ಖಾಲಿಯಾಗುತ್ತಿತ್ತು ಎಂದು ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ ನಮ್ಮನ್ನು ಹಿಡಿದಿಟ್ಟ ಬಹಳಷ್ಟು ಕಾರ್ಯಕ್ರಮ ಕನ್ನಡದಲ್ಲಿ ಇರಲೇ ಇಲ್ಲ. 1987ರ ಜನವರಿಯಲ್ಲಿ ಶುರುವಾದ ರಾಮಾಯಣ ಹಿಂದಿಯಲ್ಲಿತ್ತು. 1997ರಲ್ಲಿ ಬಂದ ಶಕ್ತಿಮಾನ್ ಹಿಂದಿಯಲ್ಲಿತ್ತು. ಹಿಂದಿ ಬಾರದ ಅಜ್ಜಿ ರಾಮಾಯಣ ನೋಡಿ ಅಳುತ್ತಿದ್ದರು, ಯಾಕೆಂದರೆ ಕಥೆ ಮೊದಲೇ ಗೊತ್ತಿತ್ತು. ಶಕ್ತಿಮಾನ್ ಕಥೆ ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಗೊತ್ತಾದ ಒಬ್ಬ ಹುಡುಗ ಪಕ್ಕದಲ್ಲಿ ಕೂತು ಕನ್ನಡದಲ್ಲೋ ತೆಲುಗಿನಲ್ಲೋ ಹೇಳಬೇಕಿತ್ತು. ಪ್ರತಿ ಬೀದಿಯಲ್ಲೂ ಅಂಥ ಒಬ್ಬ ಹುಡುಗ ಇರುತ್ತಿದ್ದ. ಅವನು ಅರ್ಧ ತನ್ನ ಕಡೆಯಿಂದಲೇ ಸೇರಿಸುತ್ತಿದ್ದ. ನಾವು ನೋಡಿದ್ದು ಟಿವಿಯಲ್ಲಿ ಬಂದ ಕಥೆಯನ್ನಷ್ಟೇ ಅಲ್ಲ, ಅವನು ಕಟ್ಟಿದ ಕಥೆಯನ್ನೂ.

ಯಾಕೆ ಕನ್ನಡದಲ್ಲಿ ಇರಲಿಲ್ಲ? ಇದಕ್ಕೊಂದು ಹಿನ್ನೆಲೆ ಇದೆ. 1960ರ ದಶಕದ ಚಳವಳಿಯ ನಂತರ ಕರ್ನಾಟಕದಲ್ಲಿ ಡಬ್ಬಿಂಗ್ ನಿಂತುಹೋಯಿತು. ಕಾನೂನು ಇರಲಿಲ್ಲ, ಉದ್ಯಮದವರ ಒಗ್ಗಟ್ಟಿನ ಕಟ್ಟುಪಾಡು ಇತ್ತು. ಆಗ ಕನ್ನಡ ಚಿತ್ರರಂಗ ಚಿಕ್ಕದು. ಪರಭಾಷೆಯ ಸಿನಿಮಾಗಳು ಡಬ್ ಆಗಿ ಬಂದರೆ ನಮ್ಮ ಕಲಾವಿದರು, ತಂತ್ರಜ್ಞರು ಬೀದಿಗೆ ಬೀಳುತ್ತಾರೆ ಎಂಬ ಭಯಕ್ಕೆ ಅರ್ಥವಿತ್ತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದರಿಂದ ಮಕ್ಕಳಿಗೆ ಆದದ್ದೇನು ಅಂತಲೂ ನೋಡಬೇಕು. ಕಾರ್ಟೂನ್‌ಗಳು ತಮಿಳಿನಲ್ಲಿ, ತೆಲುಗಿನಲ್ಲಿ, ಹಿಂದಿಯಲ್ಲಿ ಮಾತಾಡಿದವು. ಕನ್ನಡದ ಮಕ್ಕಳ ಚಾನೆಲ್ ಆಗಿ ಚಿಂಟು ಟಿವಿ ಬಂದಿದ್ದೇ 2009ರಲ್ಲಿ. ಅಷ್ಟೊತ್ತಿಗೆ ಒಂದು ಇಡೀ ಪೀಳಿಗೆ ದೊಡ್ಡದಾಗಿತ್ತು. ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಈ ಕಟ್ಟುಪಾಡಿನ ವಿರುದ್ಧ ತೀರ್ಪು ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ ಹಿಂದಿಯ ಮಹಾಭಾರತ ಕನ್ನಡದಲ್ಲಿ ಮಾತಾಡಿತು, ಜನ ಮುಗಿಬಿದ್ದು ನೋಡಿದರು. ನಮ್ಮ ಸೀಮೆಯ ಹುಡುಗರಿಗೆ ಮಾತ್ರ ಆ ನಡುವಿನ ಕಾಲದಲ್ಲಿ ತೆಲುಗು ಒಂದು ದಾರಿಯಾಗಿತ್ತು.

ಆ ದಾರಿ ತೆರೆದದ್ದು ಕೇಬಲ್‌ನವರು. 1994ರಲ್ಲಿ ಉದಯ ಟಿವಿ, 1995ರಲ್ಲಿ ತೆಲುಗಿನ ಜೆಮಿನಿ ಮತ್ತು ಈಟಿವಿ. ಊರಿನ ಕೇಬಲ್ ಆಪರೇಟರ್ ಊರಿನವನೇ. ಯಾವ ಬೀದಿಗೆ ಯಾವ ಚಾನೆಲ್ ಬೇಕು ಅಂತ ಅವನಿಗೆ ಗೊತ್ತು. ಒಂದೇ ತಂತಿಯಲ್ಲಿ ಎರಡೂ ಭಾಷೆ ಬರುತ್ತಿತ್ತು. 2019ರ ಫೆಬ್ರವರಿಯಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ಹೊಸ ನಿಯಮ ಜಾರಿಗೆ ಬಂದು, ಬೇಕಾದ ಚಾನೆಲ್ ಆರಿಸಿ ಅದಕ್ಕೆ ದುಡ್ಡು ಕೊಡಿ ಎಂದಾಯಿತು. ಒಂದೇ ಭಾಷೆಯ ಮನೆಗೆ ಇದು ಲಾಭವೇ ಇರಬಹುದು. ಎರಡು ಭಾಷೆಯ ಮನೆ ಎರಡು ಪ್ಯಾಕ್‌ಗೆ ದುಡ್ಡು ಕೊಡಬೇಕು, ಇಲ್ಲವೇ ಒಂದನ್ನು ಬಿಡಬೇಕು. ಎಷ್ಟು ಸದ್ದಿಲ್ಲದೆ ಒಂದು ರೂಢಿ ಮುರಿಯುತ್ತದೆ ನೋಡಿ.

ನಟಿ ಸೌಂದರ್ಯ ಮುಳಬಾಗಿಲು ಸೀಮೆಯವರು. ಹೆಚ್ಚು ಸಿನಿಮಾ ಮಾಡಿದ್ದು ತೆಲುಗಿನಲ್ಲಿ, ಕನ್ನಡದಲ್ಲೂ ಮಾಡಿದರು. 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಂಧ್ರದವರು ಅವರನ್ನು ತಮ್ಮ ಮನೆಮಗಳು ಎಂದು ಅತ್ತರು, ನಾವೂ ಹಾಗೇ ಅತ್ತೆವು. ತೆಲುಗಿನ ನೆನಪಿನ ವಿಡಿಯೋಗಳಲ್ಲಿ ಅವರು ಮೇಲಿಂದ ಮೇಲೆ ಬರುತ್ತಾರೆ. ಕನ್ನಡದವುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಎರಡೂ ಕಡೆ ಸೇರುವ ಒಬ್ಬರನ್ನು ಒಂದೊಂದು ಭಾಷೆಯ ನೆನಪು ಅರ್ಧರ್ಧ ಮಾಡಿ ಇಟ್ಟುಕೊಳ್ಳುತ್ತದೆ. ಅವರನ್ನು ಪೂರ್ತಿಯಾಗಿ ನೆನೆಯಬಲ್ಲವರು ಗಡಿಯ ಜನ. ಆ ಜನಕ್ಕೆ ಮಾತ್ರ ಸ್ವಂತ ಚಾನೆಲ್ ಇಲ್ಲ.

‘ಶುದ್ಧ ಕನ್ನಡ ಬಾಲ್ಯ’ ಎಂದು ನಾವು ಹೇಳಿಕೊಳ್ಳುವುದರ ಒಳಗೂ ಇಂಥ ನಂಟುಗಳಿವೆ. ಚಂದಮಾಮ ಮದ್ರಾಸಿನಲ್ಲಿ ಹುಟ್ಟಿದ್ದು, 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ. ಕನ್ನಡಕ್ಕೆ 1949ರಲ್ಲಿ ಬಂತು. ಮಕ್ಕಳ ಪತ್ರಿಕೆ ಬಾಲಮಂಗಳದ ಡಿಂಗ ಇದ್ದನಲ್ಲ, ಕಾಡಿನ ಪ್ರಾಣಿಗಳು ಕೂಗಿದ ಕಡೆ ಹಾರಿ ಬರುತ್ತಿದ್ದ ಇಲಿ, ಅವನು ಮೂಲದಲ್ಲಿ ಮಲಯಾಳಿ. ಅಲ್ಲಿ ಅವನ ಹೆಸರು ಡಿಂಕನ್. ಇದನ್ನು ತಿಳಿದು ನನಗೆ ಡಿಂಗನ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ, ಜಾಸ್ತಿಯೇ ಆಯಿತು. ಕೇರಳದ ಒಂದು ಮಗುವೂ ನನ್ನ ಹಾಗೆ ಹೊಸ ಸಂಚಿಕೆಗೆ ಕಾದಿತ್ತು ಅಂತ ಅನಿಸಿ ಖುಷಿಯಾಯಿತು.

ಈಗ ನಷ್ಟದ ಮಾತಿಗೆ ಬರುತ್ತೇನೆ. ಹಳೆಯದು ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂಬುದರಲ್ಲಿ ಗುಣಮಟ್ಟಕ್ಕಿಂತ ಆಕಸ್ಮಿಕದ ಪಾಲು ಜಾಸ್ತಿ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ 1934ರದ್ದು. ಅದರ ಒಂದು ಪ್ರಿಂಟೂ ಇವತ್ತು ಇಲ್ಲ. ದೂರದರ್ಶನದ ಮೊದಲ ದಶಕಗಳಲ್ಲಿ ಟೇಪು ದುಬಾರಿಯಾಗಿತ್ತು. ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪಿನ ಮೇಲೆ ಹೊಸದನ್ನು ರೆಕಾರ್ಡ್ ಮಾಡಲಾಯಿತು. ಚಂದಮಾಮ ನಿಂತುಹೋಯಿತು, ಆದರೆ ಓದುಗರು ಹಳೆ ಸಂಚಿಕೆಗಳನ್ನು ಸ್ಕ್ಯಾನ್ ಮಾಡಿಟ್ಟಿದ್ದರಿಂದ ಇವತ್ತಿಗೂ ಓದಲು ಸಿಗುತ್ತದೆ. ಯಾರೋ ಒಬ್ಬರು ಆಸ್ಥೆಯಿಂದ ಕೂತದ್ದರಿಂದ ಉಳಿಯಿತು. ಗೌರಿಬಿದನೂರಿನ ನಂಟಿರುವ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ 1998ರ ದೂರದರ್ಶನದ ಧಾರಾವಾಹಿ. ಅದನ್ನು ಮಾಡಿದವರಿಗೇ ಅದರ ಮೇಲೆ ಪ್ರೀತಿ ಇತ್ತು, ಜನಕ್ಕೂ ನೆನಪಿತ್ತು. ಹಾಗಾಗಿ 2022ರಲ್ಲಿ ‘ಮತ್ತೆ ಮಾಯಾಮೃಗ’ ಎಂದು ಕಥೆ ಮುಂದುವರಿಯಿತು. ಇಂಥ ಭಾಗ್ಯ ಎಲ್ಲದಕ್ಕೂ ಇಲ್ಲ.

ನಮ್ಮ ಊರುಗಳಲ್ಲಿ ತಯಾರಾದದ್ದರ ಗತಿ ಇನ್ನೂ ಕಷ್ಟ. ಪೌರಾಣಿಕ ನಾಟಕದ ರಾತ್ರಿಗಳನ್ನೇ ತೆಗೆದುಕೊಳ್ಳಿ. ಪಕ್ಕದ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಶುರುವಾದ ಕಂಪನಿಯ ಕಥೆ, ಗುಬ್ಬಿ ವೀರಣ್ಣನವರ ಕಥೆ ಪುಸ್ತಕಗಳಲ್ಲಿದೆ. ಆದರೆ ಹಳ್ಳಿಯಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಲಿತು, ಸೀನರಿ ಬಾಡಿಗೆಗೆ ತಂದು ಆಡಿದ ಕುರುಕ್ಷೇತ್ರ ನಾಟಕವನ್ನು ಯಾರೋ ಖಾಲಿ ಕ್ಯಾಸೆಟ್ಟಿಗೆ ರೆಕಾರ್ಡ್ ಮಾಡಿರುತ್ತಿದ್ದರು. ಆ ಕ್ಯಾಸೆಟ್ ಬೀರುವಿನ ಮೇಲೆ ಬೂಷ್ಟು ಹಿಡಿದಿದೆ. ಮದುವೆಯ ವಿಎಚ್‌ಎಸ್ ಟೇಪುಗಳದ್ದೂ ಅದೇ ಪಾಡು. ಕೇಬಲ್‌ನವರು ಊರ ಜಾತ್ರೆ ಚಿತ್ರೀಕರಿಸಿ ತಮ್ಮ ಲೋಕಲ್ ಚಾನೆಲ್‌ನಲ್ಲಿ ಹಾಕುತ್ತಿದ್ದರು. ಅದೆಲ್ಲ ಎಲ್ಲಿ ಹೋಯಿತು?

ದಾಖಲೆ ಇಲ್ಲದ ಈ ಜಾಗಕ್ಕೆ ಈಗ ಎಐ ಬಂದು ಕೂತಿದೆ. ‘ಹಳ್ಳಿಯ ಸುಂದರ ಬಾಲ್ಯ’ ಎಂದು ಬರುವ ಎಐ ವಿಡಿಯೋಗಳನ್ನು ನೋಡಿ. ತೆಂಗಿನ ಸಾಲು, ತುಂಬಿದ ಹೊಳೆ, ಗುಡಿಸಲು, ಲಾಂದ್ರ, ಬಿಳಿ ಪಂಚೆಯ ಅಜ್ಜ. ನಮ್ಮ ಬಯಲುಸೀಮೆಯಲ್ಲಿ ಹೊಳೆ ಎಲ್ಲಿತ್ತು? ನಮ್ಮದು ಒಣಗಿದ ಕೆರೆ, ನೀಲಗಿರಿ ತೋಪು, ಹುಣಸೆ ಮರ, ಚಪ್ಪಡಿ ಕಲ್ಲಿನ ಮನೆ, ಗೋಡೆಗೆ ಒರಗಿಸಿಟ್ಟ ಚಂದ್ರಿಕೆ. ಆ ವಿಡಿಯೋ ಕೆಳಗೆ ನಮ್ಮ ಊರಿನವರೇ ‘ನಮ್ಮ ಬಾಲ್ಯ ಹೀಗೇ ಇತ್ತು’ ಎಂದು ಬರೆಯುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಬಂದ ಭಾವನೆ ನಿಜ. ಆದರೆ ಚಿತ್ರ ಬೇರೆಯವರದು. ಯಂತ್ರ ಕಲಿತದ್ದು ಎಲ್ಲಿ ಜಾಸ್ತಿ ಚಿತ್ರ ಸಿಕ್ಕಿತೋ ಅಲ್ಲಿಂದ. ನಮ್ಮ ಊರಿನ ಚಿತ್ರ ಅದಕ್ಕೆ ಸಿಗುವಷ್ಟು ಎಲ್ಲೂ ಇಲ್ಲ.

ಕೋಲಾರದ ಚಿನ್ನದ ಗಣಿಯ ಊರಿಗೆ ಇದು ಇನ್ನೊಂದು ರೀತಿಯಲ್ಲಿ ಆಗಿದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. 2018 ಮತ್ತು 2022ರಲ್ಲಿ ಬಂದ ‘ಕೆಜಿಎಫ್’ ಸಿನಿಮಾಗಳು ಆ ಊರಿನ ಹೆಸರನ್ನು ದೇಶಕ್ಕೆಲ್ಲ ಮುಟ್ಟಿಸಿದವು. ಸಿನಿಮಾ ಕಲ್ಪನೆಯ ಕಥೆ, ಅದರ ಮೇಲೆ ನನಗೆ ದೂರಿಲ್ಲ. ಆದರೆ ಗಣಿ ಕಾಲೊನಿಯಲ್ಲಿ ಬೆಳೆದವರ ನೆನಪಿನಲ್ಲಿ ಪಾಳಿಗೆ ಹೋಗುವ ಅಪ್ಪ, ತಮಿಳು ಹಾಡು, ಊರಿಗೆ ಊರೇ ಮಿನುಗುವ ಕ್ರಿಸ್ಮಸ್ ಇದೆ. ಆ ಹೆಸರನ್ನು ಈಗ ಫೋನಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಅದಲ್ಲ.

ಈ ವಿಷಯದಲ್ಲಿ ನಮ್ಮ ಪೀಳಿಗೆಯ ಒಂದು ಅಭ್ಯಾಸ ನನಗೆ ಬೇಸರ ತರಿಸುತ್ತದೆ. ‘ನಮ್ಮ ಕಾಲದ ಮಜಾ ಇವತ್ತಿನ ಮಕ್ಕಳಿಗೆಲ್ಲಿ’ ಎನ್ನುವ ಮಾತು. ಹತ್ತು ವರ್ಷದ ಮಗುವಿನ ಎದುರೇ ಅದನ್ನು ಹೇಳುತ್ತೇವೆ. ಆ ಮಗುವಿನ ನೆನಪೂ ಈಗಲೇ ಕಟ್ಟಿಕೊಳ್ಳುತ್ತಿದೆ. ಅದು ನೋಡುವ ಯೂಟ್ಯೂಬ್ ಹುಡುಗ, ಆಡುವ ಫೋನಿನ ಆಟ, ಶಾಲಾ ವ್ಯಾನಿನಲ್ಲಿ ಹೇಳಿಕೊಳ್ಳುವ ಹಾಡು ಮುಂದೆ ಅದಕ್ಕೆ ಅಷ್ಟೇ ಪ್ರೀತಿಯದ್ದಾಗುತ್ತದೆ. ನಮಗೆ ಡಿಂಗನನ್ನು ಓದಬೇಡ, ಪಾಠ ಓದು ಎಂದು ಬೈದ ದೊಡ್ಡವರು ಇದ್ದರು ಅಲ್ವಾ?

ಒಂದು ವ್ಯತ್ಯಾಸ ಮಾತ್ರ ನಿಜವಾಗಿಯೂ ಇದೆ. ನಾವು ನೋಡಿದ್ದನ್ನು ಒಟ್ಟಿಗೆ ನೋಡಿದೆವು. ಆರಿಸುವ ಅವಕಾಶ ಇರಲಿಲ್ಲ, ಹೀಗಾಗಿ ಒಟ್ಟಿಗೆ ಕೂತೆವು. ಟಿವಿ ಇದ್ದ ಮನೆಯವರು ಬಾಗಿಲು ತೆಗೆದಿಡುತ್ತಿದ್ದರು. ಕೆಲವು ಮನೆಗಳಲ್ಲಿ ಎಲ್ಲರನ್ನೂ ಒಳಗೆ ಬಿಡುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಜಾತಿ ನೋಡಿ ಹೊಸಿಲಾಚೆ, ಕಿಟಕಿಯಾಚೆ ನಿಲ್ಲಿಸಿದ್ದುಂಟು. ಅದೇ ರಾಮಾಯಣವನ್ನು ಕಿಟಕಿಯ ಸರಳು ಹಿಡಿದು ನೋಡಿದವರ ಬಾಲ್ಯ ಬೇರೆಯೇ. ‘ಆಗ ಎಲ್ಲರೂ ಒಂದೇ ಮನೆಯವರ ಹಾಗಿದ್ದೆವು’ ಎನ್ನುವ ಪೋಸ್ಟ್‌ಗಳಲ್ಲಿ ಅವರು ಇಲ್ಲ. ಅವರ ನೆನಪೂ ಬರದೆ ಈ ಕಾಲದ ಚಿತ್ರ ಪೂರ್ತಿ ಆಗುವುದಿಲ್ಲ.

ಹಾಗಾಗಿಯೇ ನನಗೆ ಹಳೆ ಕಾರ್ಯಕ್ರಮ ಮತ್ತೆ ಬರುವುದಕ್ಕಿಂತ, ಅದನ್ನು ನೋಡಿದ ಬಗೆ ದಾಖಲಾಗುವುದು ಮುಖ್ಯ ಅನಿಸುತ್ತದೆ. 2020ರ ಮಾರ್ಚ್ 28ರಿಂದ ದೂರದರ್ಶನ ರಾಮಾಯಣವನ್ನು ಮತ್ತೆ ಹಾಕಿತು. ಆಸೆಯಿಂದ ಕೂತವರಿಗೂ ಏನೋ ಒಂದು ಕಡಿಮೆ ಅನಿಸಿರಬಹುದು. ಪಕ್ಕದಲ್ಲಿ ಕೂರಲು ಅಜ್ಜಿ ಇರಲಿಲ್ಲ. ಕಾರ್ಯಕ್ರಮವನ್ನು ಮರಳಿ ಕೊಡಬಹುದು, ಕೂಟವನ್ನು ಕೊಡಲಾಗುವುದಿಲ್ಲ. ಅದರ ಬಗ್ಗೆ ಕೇಳಿ ಬರೆದಿಟ್ಟುಕೊಳ್ಳಲು ಮಾತ್ರ ಆಗುತ್ತದೆ.

ಇದಕ್ಕೆ ಹೆಚ್ಚು ಸಮಯ ಉಳಿದಿಲ್ಲ. ಟೆಂಟಿನಲ್ಲಿ ರೀಲು ಓಡಿಸಿದವರು, ಡೆಕ್ಕು ಬಾಡಿಗೆಗೆ ಕೊಡುತ್ತಿದ್ದವರು, ಕೇಬಲ್ ಎಳೆದವರು, ನಾಟಕದ ಹಾರ್ಮೋನಿಯಂ ಮೇಷ್ಟ್ರುಗಳು ವಯಸ್ಸಾದವರು. ಅವರ ಮಾತನ್ನು ರೆಕಾರ್ಡ್ ಮಾಡಲು ಫೋನು ಸಾಕು. ಅವರು ತೆಲುಗಿನಲ್ಲಿ ಹೇಳಿದರೆ ತೆಲುಗಿನಲ್ಲೇ ಇರಲಿ. ಹಳೆ ಕ್ಯಾಸೆಟ್ಟುಗಳಿಗೆ ಕೆಲಸ ಮಾಡುವ ಒಂದು ಟೇಪ್‌ರೆಕಾರ್ಡರ್, ಅದರ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ಕೇಬಲ್, ಧ್ವನಿ ರೆಕಾರ್ಡ್ ಮಾಡುವ ಉಚಿತ ತಂತ್ರಾಂಶ ಸಾಕು. ಬೂಷ್ಟು ಹಿಡಿದ ಟೇಪನ್ನು ಹಾಗೇ ಓಡಿಸಬೇಡಿ. ಪೂರ್ತಿ ಹಾಳಾಗುವುದಲ್ಲದೆ ಯಂತ್ರವನ್ನೂ ಕೆಡಿಸುತ್ತದೆ. ಅದನ್ನು ಮೊದಲು ಗೊತ್ತಿದ್ದವರ ಕೈಯಲ್ಲಿ ಶುಚಿ ಮಾಡಿಸಬೇಕು.

ಹಕ್ಕಿನ ಪ್ರಶ್ನೆ ಬರುತ್ತದೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1954ರ ಸಿನಿಮಾದ ಹಕ್ಕು 2014ರ ಕೊನೆಗೆ ಮುಗಿದಿದೆ. ತೊಂಬತ್ತರ ದಶಕದ ಸಿನಿಮಾ, ಹಾಡುಗಳದ್ದು ಇನ್ನೂ ಎಷ್ಟೋ ವರ್ಷ ಇದೆ, ಅವನ್ನು ಸಿಕ್ಕಲ್ಲಿ ಹಾಕುವಂತಿಲ್ಲ. ಆದರೆ ನಿಮ್ಮ ಊರಿನ ನಾಟಕ, ನಿಮ್ಮ ಮನೆಯ ಟೇಪು, ನಿಮ್ಮ ಅತ್ತೆಯ ಮಾತು ಇವಕ್ಕೆ ಸಾಮಾನ್ಯವಾಗಿ ಯಾವ ಕಂಪನಿಯ ಅಪ್ಪಣೆಯೂ ಬೇಕಾಗುವುದಿಲ್ಲ. ಅದರಲ್ಲಿ ಹಾಡಿದವರು, ಮಾತಾಡಿದವರು ಒಪ್ಪಬೇಕು. ನಾಟಕ ಬರೆದವರ ಹಕ್ಕೋ, ಟೇಪಿನಲ್ಲಿ ಸೇರಿರುವ ಸಿನಿಮಾ ಹಾಡಿನ ಹಕ್ಕೋ ಇನ್ನೂ ಇದ್ದರೆ ಅದನ್ನೂ ನೋಡಿಕೊಳ್ಳಬೇಕು.

ಶಾಲೆಗಳಲ್ಲಿ ಇದನ್ನು ಚಟುವಟಿಕೆಯಾಗಿ ಕೊಡಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಒಂದು ಕಂಪ್ಯೂಟರ್ ಇದ್ದರೆ ಅಲ್ಲೇ ಇಡಬಹುದು. ರೆಕಾರ್ಡ್ ಮಾಡುವವರು ಕೇಳಲೇಬೇಕಾದದ್ದು ಕೆಲವಿದೆ. ಯಾವ ಊರು, ಸುಮಾರು ಯಾವ ವರ್ಷ, ಯಾರ ಮನೆಯಲ್ಲಿ ನೋಡಿದಿರಿ, ಜೊತೆಗೆ ಯಾರಿದ್ದರು, ಯಾರನ್ನು ಒಳಗೆ ಬಿಡಲಿಲ್ಲ, ಅರ್ಥವಾಗದಿದ್ದಾಗ ಯಾರು ಹೇಳಿಕೊಟ್ಟರು, ಯಾವ ಭಾಷೆಯಲ್ಲಿ. ಸಿನಿಮಾದ ಹೆಸರು ಅವರಿಗೆ ನೆನಪಿಲ್ಲದಿದ್ದರೂ ಪರವಾಗಿಲ್ಲ, ಅದನ್ನು ಆಮೇಲೆ ಬೇರೆ ಕಡೆ ಹುಡುಕಿಕೊಳ್ಳಬಹುದು.